ಉಕ್ಕಿನ ಕಾರ್ಖಾನೆಯಲ್ಲಿ ಮೇಣದ ಕೋಣೆ ಯಾಕೆ? ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ನಡೆಯುವ ಬಗೆ

ಐಟಿಐ, ಡಿಪ್ಲೊಮಾ ಮುಗಿದು ಮಕ್ಕಳು ಕೆಲಸ ಹುಡುಕುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆಗಳಲ್ಲಿ ಕೆಲವು ಹೊಸ ಪದಗಳು ಕಿವಿಗೆ ಬೀಳತೊಡಗುತ್ತವೆ. ವ್ಯಾಕ್ಸ್ ಇಂಜೆಕ್ಷನ್ ಆಪರೇಟರ್, ಟ್ರೀ ಅಸೆಂಬ್ಲಿ, ಶೆಲ್ ರೂಂ, ಡೀವ್ಯಾಕ್ಸ್, ಫೆಟ್ಲಿಂಗ್. ಬೆಳಗಾವಿ, ಕೊಲ್ಹಾಪುರ, ಪುಣೆ, ರಾಜಕೋಟ್ ಕಡೆಯ ಫೌಂಡ್ರಿಗಳಿಗೆ ಹೋಗುವವರ ಬಾಯಲ್ಲೂ ಇವೇ ಮಾತು. ಉಕ್ಕು ಕರಗಿಸುವಲ್ಲಿ ಮೇಣದ ಕೆಲಸ ಎಂಥದು, ಗಿಡ ಕಟ್ಟುವುದು ಅಂದರೇನು, ಅಲ್ಲಿ ಸೇರಿದವರು ದಿನವಿಡೀ ಮಾಡುವುದೇನು? ಈ ಪ್ರಶ್ನೆ ಕೇಳುವ ಅಪ್ಪ-ಅವ್ವಂದಿರಿಗೆ, ಕೆಲಸಕ್ಕೆ ಸೇರಲಿರುವವರಿಗೆ, ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಬಿಡಿಭಾಗ ಮಾಡಿಸಲು ಓಡಾಡುವ ಸಣ್ಣ ಉದ್ದಿಮೆದಾರರಿಗೆ ಈ ಬರಹ.

ಮೊದಲು ಒಂದು ಅರ್ಧ ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್ ಕೈಗೆ ತೆಗೆದುಕೊಳ್ಳಿ. ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೈಮೇಲೆ ‘ಸಿಎಫ್8ಎಂ’, ‘1000 ಡಬ್ಲ್ಯೂಒಜಿ’ ಎಂಬ ಅಕ್ಷರಗಳು ಉಬ್ಬಿಕೊಂಡಿರುತ್ತವೆ. ಸಿಎಫ್8ಎಂ ಎಂದರೆ ನಾವು 316 ಎಂದು ಕರೆಯುವ ಸ್ಟೇನ್‌ಲೆಸ್ ಸ್ಟೀಲಿನ ಎರಕದ ರೂಪ. ಎರಡನೆಯದು ಸಾಮಾನ್ಯ ಉಷ್ಣತೆಯಲ್ಲಿ ನೀರು, ಎಣ್ಣೆ, ಗ್ಯಾಸಿನ 1000 ಪಿಎಸ್‌ಐ ಒತ್ತಡ ತಡೆಯುತ್ತದೆ ಎಂಬ ಗುರುತು. ಆ ಅಕ್ಷರಗಳ ಅಂಚು ಎಷ್ಟು ಚೂಪಾಗಿದೆ ನೋಡಿ. ಬೆರಳಾಡಿಸಿದರೆ ಮೈ ಮಂಕಾಗಿ, ಒಂದೇ ಸಮನೆ ನಯವಾಗಿದೆ. ಎರಡು ಹೋಳು ಸೇರಿಸಿದ ಗೆರೆ ಎಲ್ಲೂ ಕಾಣದು. ಅಕ್ಷರಗಳನ್ನು ಕೆತ್ತಿಲ್ಲ, ಒತ್ತಿಲ್ಲ. ಅವು ಮೊದಲು ಮೇಣದಲ್ಲಿ ಮೂಡಿ, ಆಮೇಲೆ ಉಕ್ಕಾದವು.

ಹೆಸರಿನಲ್ಲಿರುವ ‘ಇನ್ವೆಸ್ಟ್‌ಮೆಂಟ್’ ದುಡ್ಡಿನದಲ್ಲ

ಇನ್ವೆಸ್ಟ್‌ಮೆಂಟ್ ಎಂದ ಕೂಡಲೇ ಹಣ ಹೂಡುವುದು ನೆನಪಾಗುತ್ತದೆ. ಇಲ್ಲಿ ಆ ಅರ್ಥವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಈ ಪದದ ಮೂಲಕ್ಕೆ ‘ಬಟ್ಟೆ ತೊಡಿಸು’ ಎಂಬ ಅರ್ಥವಿದೆ. ಮೇಣದ ಮಾದರಿಗೆ ಸೆರಾಮಿಕ್‌ನ ಅಂಗಿ (ಕಾರ್ಖಾನೆಯ ಮಾತಿನಲ್ಲಿ ಶೆಲ್) ತೊಡಿಸುತ್ತಾರೆ, ಒಳಗಿನ ಮೇಣವನ್ನು ಕರಗಿಸಿ ತೆಗೆಯುತ್ತಾರೆ, ಖಾಲಿಯಾದ ಅಂಗಿಯೊಳಗೆ ಕರಗಿದ ಲೋಹ ಹೊಯ್ಯುತ್ತಾರೆ, ಲೋಹ ಗಟ್ಟಿಯಾದ ಮೇಲೆ ಅಂಗಿಯನ್ನು ಒಡೆದು ಹಾಕುತ್ತಾರೆ. ಇಡೀ ವಿಧಾನ ಇಷ್ಟೇ. ಒಂದು ತುಂಡು ಉಕ್ಕಿಗೆ ಒಂದು ಮೇಣ, ಒಂದು ಅಂಗಿ. ಎರಡೂ ಒಂದೇ ಸಲಕ್ಕೆ ಮುಗಿದುಹೋಗುತ್ತವೆ.

ಸಕ್ಕರೆ ಆರತಿಯ ಅಚ್ಚಿನಿಂದ ಶುರು ಮಾಡೋಣ

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಆರತಿಯ ಗೊಂಬೆ ಮಾಡುವುದನ್ನು ನೋಡಿದವರಿಗೆ ಅಚ್ಚಿನ ತತ್ವ ಹೊಸದಲ್ಲ. ಕಟ್ಟಿಗೆಯ ಅಚ್ಚಿನ ಹೋಳುಗಳನ್ನು ನೀರಲ್ಲಿ ನೆನೆಸಿ, ಜೋಡಿಸಿ ಬಿಗಿಯಾಗಿ ಕಟ್ಟಿ, ಕಾದ ಸಕ್ಕರೆ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚುತ್ತಾರೆ. ಆನೆಯೋ ತೇರೋ ಹೊರಬರುತ್ತದೆ. ಅದರ ಬದಿಯಲ್ಲಿ ಹೋಳುಗಳು ಕೂಡಿದ ಕಡೆ ಸಣ್ಣ ಏಣು ಎದ್ದಿರುತ್ತದೆ.

ಫೌಂಡ್ರಿಯ ಉಸುಕಿನ ಎರಕವೂ ಬಹುಮಟ್ಟಿಗೆ ಹೀಗೆಯೇ. ತುಂಡಿನ ಆಕಾರದ ಮಾದರಿಯ ಸುತ್ತ ಉಸುಕು ಒತ್ತಿ ಅಚ್ಚನ್ನು ಎರಡು ಹೋಳಾಗಿ ಮಾಡುತ್ತಾರೆ. ಮಾದರಿಯನ್ನು ಅದರಿಂದ ಎಬ್ಬಿಸಿ ತೆಗೆಯಬೇಕಾದ್ದರಿಂದ ಅದರ ಗೋಡೆಗಳಿಗೆ ಕೊಂಚ ಓರೆ ಬೇಕು. ಒಳಕ್ಕೆ ತಿರುಗಿದ ಕೊಕ್ಕೆ, ಅಡಗಿದ ಗೂಡು ಇದ್ದರೆ ಮಾದರಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥಲ್ಲಿ ಒಳಗಿನ ಪೊಳ್ಳಿನ ಆಕಾರ ಕೊಡುವ ಬೇರೆ ತಿರುಳು (ಕೋರ್) ಕೂರಿಸಬೇಕು. ಹೋಳು ಕೂದಲೆಳೆ ಜರುಗಿದರೂ ಎರಕ ಸೊಟ್ಟಾಗುತ್ತದೆ.

ಮಾದರಿಯನ್ನು ಹೊರಗೆ ಎಳೆಯುವ ಬದಲು ಅಲ್ಲೇ ಕರಗಿಸಿಬಿಟ್ಟರೆ ಈ ತೊಡಕುಗಳೆಲ್ಲ ಬಿದ್ದುಹೋಗುತ್ತವೆ. ಅಚ್ಚು ಒಂದೇ ತುಂಡಾಗಿರಬಹುದು, ಏಣು ಏಳುವುದಿಲ್ಲ, ಒಳಗಿನ ವಕ್ರಗಳು ಎಷ್ಟಿದ್ದರೂ ನಡೆಯುತ್ತದೆ. ಮೇಣ ಬಂದದ್ದು ಇದಕ್ಕಾಗಿ.

ಈ ಉಪಾಯ ಬಲು ಹಳೆಯದು. ಮೊಹೆಂಜೊದಾರೊದಲ್ಲಿ ಸಿಕ್ಕ ಸುಮಾರು 10.5 ಸೆಂಟಿಮೀಟರ್ ಎತ್ತರದ ಕಂಚಿನ ನರ್ತಕಿ ಮೇಣ ಕರಗಿಸಿ ಮಾಡಿದ ಎರಕ. ಅದಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು. ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಸಾಕ್ಷಿ 12ನೇ ಶತಮಾನದ್ದು. ಲಕ್ಕುಂಡಿ, ಗದಗ, ಹಾವೇರಿಯಲ್ಲಿ ಗುಡಿಗಳು ಎದ್ದ ಕಾಲದ ಕಲ್ಯಾಣ ಚಾಲುಕ್ಯ ಅರಸ ಮೂರನೇ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೇಣದ ಮೂರ್ತಿಗೆ ಪದರ ಪದರವಾಗಿ ಮಣ್ಣು ಮೆತ್ತುವುದನ್ನು, ಮೇಣವನ್ನು ತೂಗಿ ಎಷ್ಟು ಲೋಹ ಬೇಕೆಂದು ಲೆಕ್ಕ ಹಾಕುವುದನ್ನು ವಿವರಿಸಿದ್ದಾನೆ. ಆ ತೂಕದ ಲೆಕ್ಕವನ್ನು ಇಂದಿನ ಫೌಂಡ್ರಿಗಳೂ ಮಾಡುತ್ತವೆ. ಮುಂದೆ ಅದಕ್ಕೆ ಬರುತ್ತೇವೆ. ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಹಲ್ಲಿಗೆ ಚಿನ್ನದ ತುಂಬು ಎರೆಯಲು ಇದೇ ದಾರಿ ಹಿಡಿದ. ಎರಡನೇ ಮಹಾಯುದ್ಧದ ಕಾಲಕ್ಕೆ ಇದು ವಿಮಾನದ ಎಂಜಿನ್ನುಗಳ ಬಿಡಿಭಾಗಕ್ಕೆ ಬಂತು. ಅಲ್ಲಿಂದ ವಾಲ್ವ್, ಪಂಪು, ಟರ್ಬೊಚಾರ್ಜರ್, ಮೊಣಕಾಲಿಗೆ ಕೂರಿಸುವ ಕೀಲಿನವರೆಗೆ ಹಬ್ಬಿದೆ.

ಮೇಣದ ಕೋಣೆ

ಮೊದಲು ಡೈ ಬೇಕು. ಡೈ ಎಂದರೆ ಮೇಣಕ್ಕೆ ಆಕಾರ ಕೊಡುವ ಅಚ್ಚು. ಹೆಚ್ಚಾಗಿ ಅಲ್ಯುಮಿನಿಯಂ ಗಟ್ಟಿಯನ್ನು ಸಿಎನ್‌ಸಿ ಯಂತ್ರದಲ್ಲಿ ಕೊರೆದು ಮಾಡುತ್ತಾರೆ. ಡೈಯ ಅಳತೆ ಬೇಕಾದ ತುಂಡಿನ ಅಳತೆಗಿಂತ ದೊಡ್ಡದು. ಮೇಣ ಆರುವಾಗ ಸುಮಾರು 1 ಪ್ರತಿಶತ ಕುಗ್ಗುತ್ತದೆ, ಉಕ್ಕು ಆರುವಾಗ ಸುಮಾರು 2 ಪ್ರತಿಶತ ಕುಗ್ಗುತ್ತದೆ, ಸೆರಾಮಿಕ್ ಶೆಲ್ ಕಾದಾಗ ಕೊಂಚ ಹಿಗ್ಗುತ್ತದೆ. ಎಲ್ಲ ಕೂಡಿಸಿ ಕಳೆದರೆ 100 ಮಿಲಿಮೀಟರಿನ ತುಂಡಿಗೆ ಡೈಯಲ್ಲಿ 102ರಿಂದ 103 ಮಿಲಿಮೀಟರ್ ಇಡಬೇಕಾಗುತ್ತದೆ. ಆದರೆ ತುಂಡಿನ ಎಲ್ಲ ಭಾಗವೂ ಒಂದೇ ರೀತಿ ಕುಗ್ಗುವುದಿಲ್ಲ. ನಡುವೆ ತೂತಿದ್ದರೆ ಗಟ್ಟಿ ಶೆಲ್ ಅಲ್ಲಿ ಅಡ್ಡ ನಿಂತು ಕುಗ್ಗಲು ಬಿಡದು. ಆದ್ದರಿಂದ ಮೊದಲ ಸ್ಯಾಂಪಲ್ ಎರೆದು, ಅಳೆದು, ಡೈ ತಿದ್ದುವುದು ಈ ಕೆಲಸದ ಮಾಮೂಲು ಹೆಜ್ಜೆ. ಮೊದಲ ಸ್ಯಾಂಪಲ್ಲೇ ಸರಿ ಬರಬೇಕೆಂದು ಪಟ್ಟು ಹಿಡಿಯುವ ಗಿರಾಕಿ ಇದನ್ನು ತಿಳಿದಿರಬೇಕು.

ಮೇಣವೂ ಬತ್ತಿ ಮಾಡುವ ಬರೀ ಪ್ಯಾರಾಫಿನ್ ಅಲ್ಲ. ಪ್ಯಾರಾಫಿನ್, ಸೂಕ್ಷ್ಮ ಹರಳಿನ ಮೇಣ, ರಾಳ, ಫಿಲ್ಲರ್ ಪುಡಿ ಕೂಡಿಸಿದ ಮಿಶ್ರಣ. ಅದನ್ನು 55ರಿಂದ 65 ಡಿಗ್ರಿಗೆ ಕಾಯಿಸಿ, ಹದವಾಗಿ ಮೆತ್ತಗಾದಾಗ ಒತ್ತಡದಿಂದ ಡೈಗೆ ತುಂಬುತ್ತಾರೆ. ದಪ್ಪ ಭಾಗವಿದ್ದರೆ ಮೇಣ ಒಳಗೆ ನಿಧಾನವಾಗಿ ಆರುತ್ತ ಮೇಲ್ಮೈಯನ್ನು ಒಳಕ್ಕೆ ಎಳೆದುಕೊಂಡು ತಗ್ಗು ಬೀಳಿಸುತ್ತದೆ. ಇದಕ್ಕೆ ಉಪಾಯವೆಂದರೆ ಮೊದಲೇ ಆರಿಸಿಟ್ಟ ಚಿಕ್ಕ ಮೇಣದ ಗಟ್ಟಿಯನ್ನು ಒಳಗಿಟ್ಟು ಅದರ ಸುತ್ತ ಬಿಸಿ ಮೇಣ ತುಂಬುವುದು. ಡೈ ತೀರ ತಂಪಾಗಿದ್ದರೆ ಮೇಣದ ಮೇಲೆ ಹರಿದ ಗೆರೆಗಳು ಮೂಡುತ್ತವೆ. ಡೈಗೆ ಸಿಲಿಕೋನ್ ಸ್ಪ್ರೇ ಹೆಚ್ಚು ಹೊಡೆದರೆ ಮೈ ಎಣ್ಣೆಯಾಗುತ್ತದೆ.

ಈ ಕೋಣೆಯನ್ನು 20ರಿಂದ 24 ಡಿಗ್ರಿಯ ನಡುವೆ ಹಿಡಿದಿಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಿಸಿಲು 37-38 ಡಿಗ್ರಿ ಮುಟ್ಟುವಾಗ ಎಸಿ ನಿಂತರೆ ತೆಳು ಮೇಣದ ತುಂಡು ತನ್ನ ಭಾರಕ್ಕೇ ಬಾಗುತ್ತದೆ. ಕಣ್ಣಿಗೆ ಗೊತ್ತಾಗದಷ್ಟು, ಅರ್ಧ ಮಿಲಿಮೀಟರ್ ಬಾಗಿದರೂ ಸಾಕು, ಬಾಗಿದಂತೆಯೇ ಉಕ್ಕಾಗುತ್ತದೆ. ಮೇಣವಿದ್ದಾಗ ತಪ್ಪು ಕಂಡರೆ ಮುರಿದು ಡಬ್ಬಿಗೆ ಹಾಕಬಹುದು, ಮತ್ತೆ ಕರಗುತ್ತದೆ. ಅದೇ ತಪ್ಪು ಉಕ್ಕಾದ ಮೇಲೆ ಕಂಡರೆ ಶೆಲ್ಲಿನ ಸಾಮಾನು, ಭಟ್ಟಿಯ ಕರೆಂಟು, ಒಂದು ವಾರದ ದುಡಿಮೆ ಎಲ್ಲ ಹೋದಂತೆ. ಮೇಣದ ಕೋಣೆಯಲ್ಲಿ ಭೂತಗನ್ನಡಿ ಹಿಡಿದು ಕೂತವರ ಕೆಲಸವನ್ನು ಹಗುರವೆಂದು ಎಣಿಸಬಾರದು. ಈ ಕಾರ್ಖಾನೆಯಲ್ಲಿ ಗುಣಮಟ್ಟ ಹುಟ್ಟುವುದು ಅವರ ಮೇಜಿನ ಮೇಲೆ.

ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಮುಚ್ಚಿದ ಇಂಪೆಲ್ಲರ್‌ನಂಥ ತುಂಡಿನಲ್ಲಿ ಎರಡು ತಟ್ಟೆಗಳ ನಡುವೆ ಬಾಗಿದ ರೆಕ್ಕೆಗಳಿರುತ್ತವೆ. ಅಲ್ಲಿಂದ ಡೈಯ ಲೋಹದ ಭಾಗವನ್ನು ಎಳೆದು ತೆಗೆಯಲಾಗದು. ಅಂಥಲ್ಲಿ ನೀರಿನಲ್ಲಿ ಅಥವಾ ತೆಳು ಆಮ್ಲದ ನೀರಿನಲ್ಲಿ ಕರಗುವ ಬೇರೆ ಜಾತಿಯ ಮೇಣದಿಂದ ಮೊದಲು ರೆಕ್ಕೆಗಳ ನಡುವಿನ ಖಾಲಿ ಜಾಗದ ಆಕಾರ ಮಾಡಿ, ಅದರ ಸುತ್ತ ಮಾಮೂಲು ಮೇಣ ತುಂಬುತ್ತಾರೆ. ಆಮೇಲೆ ತೊಟ್ಟಿಯಲ್ಲಿ ನೆನೆಸಿದರೆ ಒಳಗಿನದು ಕರಗಿ ಹೋಗುತ್ತದೆ, ಮಾಮೂಲು ಮೇಣ ಉಳಿಯುತ್ತದೆ.

ಗಿಡ ಕಟ್ಟುವುದು

ಒಂದೊಂದೇ ವಾಲ್ವಿಗೆ ಉಕ್ಕು ಹೊಯ್ಯುತ್ತ ಕೂತರೆ ಕೆಲಸ ಸಾಗದು. ದಪ್ಪ ಮೇಣದ ಕಂಬಕ್ಕೆ ಹತ್ತಾರು ತುಂಡುಗಳನ್ನು ಕೊಂಬೆಗೆ ಕಾಯಿ ಅಂಟಿದಂತೆ ಅಂಟಿಸುತ್ತಾರೆ. ಇದೇ ಟ್ರೀ. ಕಂಬದ ತುದಿಯಲ್ಲಿ ಉಕ್ಕು ಹೊಯ್ಯುವ ಬಟ್ಟಲು, ತುಂಡು ಕಂಬಕ್ಕೆ ಕೂಡುವ ಕೊರಳೇ ಗೇಟ್. ಬಿಸಿ ಅಲಗಿನಿಂದ ಎರಡೂ ಬದಿ ಕರಗಿಸಿ ಒತ್ತಿ ಹಿಡಿದರೆ ಬೆಸುಗೆ ಆಗುತ್ತದೆ.

ಕೆಲಸ ಸುಲಭವೆಂದು ಕಂಡರೂ ಇಲ್ಲಿ ಕೈ ಪಳಗಿರಬೇಕು. ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಂದು ಉಳಿದರೆ ಮುಂದೆ ಸ್ಲರಿ, ಅಂದರೆ ಶೆಲ್ ಮಾಡುವ ಸೆರಾಮಿಕ್ ಹಿಟ್ಟಿನ ಗಂಜಿ, ಅದರೊಳಗೆ ನುಗ್ಗಿ, ಒಣಗಿ, ಬ್ಲೇಡಿನಂಥ ತೆಳು ಸೆರಾಮಿಕ್ ಹಲಗೆಯಾಗುತ್ತದೆ. ಉಕ್ಕು ಧುಮುಕಿ ಬಂದಾಗ ಅದು ಮುರಿದು ಉಕ್ಕಿನೊಡನೆ ತುಂಡಿನೊಳಗೆ ಸೇರಿಕೊಳ್ಳುತ್ತದೆ. ತುಂಡುಗಳು ಒಂದಕ್ಕೊಂದು ತೀರ ಹತ್ತಿರವಿದ್ದರೆ ನಡುವೆ ಶೆಲ್ ಒಣಗದೆ ಬಡವಾಗುತ್ತದೆ, ದೂರವಿಟ್ಟರೆ ಒಂದು ಗಿಡಕ್ಕೆ ಹಿಡಿಯುವ ತುಂಡುಗಳು ಕಡಿಮೆಯಾಗಿ ಖರ್ಚು ಏರುತ್ತದೆ.

ಈಗ ಆ ತೂಕದ ಲೆಕ್ಕ. ಈ ಮೇಣದ ಸಾಂದ್ರತೆ ನೀರಿಗೆ ಹತ್ತಿರ, ಉಕ್ಕಿನದು ಅದರ ಎಂಟು ಪಟ್ಟು. ಆದ್ದರಿಂದ ಮೇಣದ ತೂಕವನ್ನು ಎಂಟರಿಂದ ಗುಣಿಸಿದರೆ ಬೇಕಾದ ಉಕ್ಕಿನ ತೂಕ ಸಿಗುತ್ತದೆ. ವಾಲ್ವಿನ ಮೈ ಮೇಣದಲ್ಲಿ 25 ಗ್ರಾಂ ಇದ್ದರೆ ಉಕ್ಕಿನಲ್ಲಿ 200 ಗ್ರಾಂ. ಗಿಡಕ್ಕೆ ಅಂಥ 24 ತುಂಡು ಎಂದರೆ 4.8 ಕಿಲೊ. ಕಂಬ, ಬಟ್ಟಲು, ಗೇಟುಗಳ ಮೇಣ 500 ಗ್ರಾಂ, ಅಂದರೆ ಉಕ್ಕು 4 ಕಿಲೊ. ಹೊಯ್ಯಬೇಕಾದದ್ದು 8.8 ಕಿಲೊ, ಮಾರಾಟಕ್ಕೆ ಬರುವುದು 4.8 ಕಿಲೊ. ಹೊಯ್ದದ್ದರಲ್ಲಿ ಅರ್ಧದಷ್ಟು ಕತ್ತರಿಸಿ ಮತ್ತೆ ಭಟ್ಟಿಗೆ ಹೋಗುವುದು ಇಲ್ಲಿ ಸಾಮಾನ್ಯ. ಕಿಲೊ ಲೆಕ್ಕದಲ್ಲಿ ಉಸುಕಿನ ಎರಕಕ್ಕಿಂತ ಇದು ತುಟ್ಟಿಯಾಗಲು ಇದೂ ಒಂದು ಕಾರಣ.

ಶೆಲ್ ರೂಂ: ಹೆಚ್ಚು ದಿನ ಹಿಡಿಯುವ ಕೆಲಸ

ಮಿರ್ಚಿ ಭಜಿ ಕರಿಯುವವರಿಗೆ ಹಿಟ್ಟಿನ ಹದ ಗೊತ್ತು. ನೀರಾದರೆ ಮೆಣಸಿನಕಾಯಿಗೆ ಹತ್ತುವುದಿಲ್ಲ, ಗಟ್ಟಿಯಾದರೆ ಮುದ್ದೆ ಕೂರುತ್ತದೆ, ಕಾಯಿಯ ಮೇಲೆ ನೀರಿನ ಪಸೆ ಉಳಿದಿದ್ದರೆ ಹಿಟ್ಟು ಜಾರುತ್ತದೆ. ಶೆಲ್ ರೂಮಿನ ಸ್ಲರಿಗೂ ಈ ಮೂರು ಮಾತು ಅನ್ವಯಿಸುತ್ತವೆ. ಗಿಡವನ್ನು ಅದ್ದುವ ಮೊದಲು ಸಿಲಿಕೋನಿನ ಜಿಡ್ಡು ಹೋಗುವಂತೆ ತೊಳೆಯುತ್ತಾರೆ. ತೊಳೆಯದಿದ್ದರೆ ಸ್ಲರಿ ಅಲ್ಲಲ್ಲಿ ಬಿಟ್ಟುಕೊಂಡು ನಿಲ್ಲುತ್ತದೆ.

ಸ್ಲರಿಯಲ್ಲಿ ಇರುವುದು ಎರಡು ಮುಖ್ಯ ಸಾಮಾನು. ಅಂಟಾಗಿ ಕೊಲಾಯ್ಡಲ್ ಸಿಲಿಕಾ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಸಿಲಿಕಾ ಕಣಗಳು. ಹಿಟ್ಟಾಗಿ ಮೊದಲ ಪದರಕ್ಕೆ ಜಿರ್ಕಾನ್ ಪುಡಿ. ಕರಗಿದ ಉಕ್ಕಿನೊಡನೆ ಜಿರ್ಕಾನ್ ಸುಲಭವಾಗಿ ಬೆರೆಯದು, ಅದಕ್ಕೇ ತುಂಡಿನ ಮೈಗೆ ತಾಗುವ ಪದರಕ್ಕೆ ಅದು. ನಮ್ಮ ದೇಶದಲ್ಲಿ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಕಡಲ ದಂಡೆಯ ಉಸುಕಿನಿಂದ ಇದನ್ನು ಬೇರ್ಪಡಿಸುತ್ತಾರೆ. ತುಟ್ಟಿಯಾದ್ದರಿಂದ ಮೊದಲ ಒಂದೆರಡು ಪದರಕ್ಕಷ್ಟೇ ಬಳಕೆ. ಸ್ಲರಿಯ ಹದ ನೋಡಲು ತಳದಲ್ಲಿ ತೂತಿರುವ ಝಾನ್ ಕಪ್ ಇರುತ್ತದೆ. ತುಂಬಿ ಎತ್ತಿ ಹಿಡಿದು, ಖಾಲಿಯಾಗಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ಎಣಿಸುತ್ತಾರೆ. ನಾಲ್ಕನೇ ನಂಬರಿನ ಕಪ್ಪಿನಲ್ಲಿ ಮೊದಲ ಪದರದ ಸ್ಲರಿ 20-30 ಸೆಕೆಂಡು, ಹೊರಗಿನ ಪದರದ್ದು 10-15 ಸೆಕೆಂಡಿನ ಆಸುಪಾಸು. ಪ್ರತಿ ಫೌಂಡ್ರಿ ತನ್ನ ತುಂಡಿಗೆ ತಕ್ಕ ಅಂಕಿ ಗೊತ್ತುಮಾಡಿಕೊಂಡಿರುತ್ತದೆ. ಸ್ಲರಿಯ ತೊಟ್ಟಿ ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು, ಹಬ್ಬದ ರಜೆಯಲ್ಲೂ. ನಿಂತರೆ ಪುಡಿ ತಳಕ್ಕಿಳಿಯುತ್ತದೆ, ನೀರು ಆರಿ ಅಥವಾ ಕೊಳೆತು ಅಂಟು ಹೆಪ್ಪುಗಟ್ಟುತ್ತದೆ.

ಸ್ಲರಿಯಲ್ಲಿ ಅದ್ದಿ, ಗಿಡವನ್ನು ನಿಧಾನವಾಗಿ ತಿರುಗಿಸುತ್ತ ಹೆಚ್ಚಿನದನ್ನು ಸೋರಲು ಬಿಟ್ಟು, ಕೂಡಲೇ ಅದರ ಮೇಲೆ ಉಸುಕು ಸುರಿಸುತ್ತಾರೆ. ಧಾರವಾಡ ಪೇಡೆಯನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸುವ ಹಾಗೆ. ಈ ಉಸುಕು ಮುಂದಿನ ಪದರಕ್ಕೆ ಹಿಡಿತ ಕೊಡುತ್ತದೆ, ಶೆಲ್ಲಿಗೆ ದಪ್ಪ ಕೊಡುತ್ತದೆ. ಮನೆಯ ಗೋಡೆಗೆ ಮೊದಲು ಒರಟು ಗಿಲಾವು, ಕೊನೆಗೆ ನಯ. ಇಲ್ಲಿ ತದ್ವಿರುದ್ಧ: ಉಕ್ಕು ತಾಗುವುದು ಒಳಮೈಗೆ, ಆದ್ದರಿಂದ ಮೊದಲ ಪದರವೇ ಅತಿ ನಯ, ಹೊರಗೆ ಹೋದಂತೆ ಒರಟು. ಸಾಮಾನ್ಯವಾಗಿ ಆರರಿಂದ ಒಂಬತ್ತು ಪದರ, ಕೊನೆಗೆ ಉಸುಕಿಲ್ಲದ ಒಂದು ಮುಚ್ಚು ಪದರ. ದಪ್ಪ 6ರಿಂದ 10 ಮಿಲಿಮೀಟರ್. ಮೊದಲ ಅದ್ದಿನಲ್ಲಿ ಅಕ್ಷರಗಳ ಸಂದಿಯಲ್ಲಿ, ತೂತಿನ ಮೂಲೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಉಕ್ಕು ಆ ಗುಳ್ಳೆಯನ್ನು ತುಂಬಿ ಸಾಸಿವೆ ಕಾಳಿನಂಥ ಮಣಿಯಾಗುತ್ತದೆ. ನಿಮ್ಮ ವಾಲ್ವಿನ ‘8’ರ ಹೊಟ್ಟೆಯಲ್ಲಿ ಚಿಕ್ಕ ಉಂಡೆ ಕಂಡರೆ ಅದು ಇದೇ.

ದಿನಗಳು ಕಳೆಯುವುದು ಒಣಗಿಸುವುದರಲ್ಲಿ. ಪ್ರತಿ ಪದರಕ್ಕೂ ಕೆಲವು ಗಂಟೆ, ಕೊನೆಯದಕ್ಕೆ ಒಂದಿಡೀ ದಿನ, ಒಟ್ಟು ಮೂರರಿಂದ ಐದು ದಿನ. ಬಿಸಿ ಗಾಳಿ ಊದಿ ಬೇಗ ಮುಗಿಸಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ ಉತ್ತರ ಮಣ್ಣಿನ ಗಡಿಗೆಯಲ್ಲಿದೆ. ಗಡಿಗೆಯ ಮೈಯಿಂದ ನೀರು ಆರುವಾಗ ಒಳಗಿನ ನೀರು ತಂಪಾಗುತ್ತದಲ್ಲ, ಹಾಗೆಯೇ ಸ್ಲರಿಯ ನೀರು ಆರುವಾಗ ಗಿಡ ತಂಪಾಗುತ್ತದೆ. 23 ಡಿಗ್ರಿಯ ಕೋಣೆಯಲ್ಲಿ, ತೇವಾಂಶ 50 ಪ್ರತಿಶತವಿದ್ದರೆ, ಗಿಡದ ಬಿಸಿ ಕೋಣೆಗಿಂತ 6-7 ಡಿಗ್ರಿಯವರೆಗೆ ಕಡಿಮೆಯಾಗಬಹುದು. ತಂಪಾದ ಮೇಣ ಕುಗ್ಗುತ್ತದೆ. ಕುಗ್ಗಿದ ಮೇಣದ ಮೇಲೆ ಶೆಲ್ ಗಟ್ಟಿಯಾಗುತ್ತದೆ. ನೀರೆಲ್ಲ ಆರಿದ ಮೇಲೆ ಮೇಣ ಮತ್ತೆ ಕೋಣೆಯ ಬಿಸಿಗೆ ಮರಳಿ ಹಿಗ್ಗುತ್ತದೆ, ಒಳಗಿನಿಂದ ಶೆಲ್ಲನ್ನು ಒತ್ತುತ್ತದೆ, ಸೀಳುತ್ತದೆ. ಒಣಗಿಸುವುದು ನಿಧಾನವಾದಷ್ಟು ಈ ಏರುಪೇರು ಕಡಿಮೆ. ಮೊದಲ ಪದರಕ್ಕಂತೂ ಗಾಳಿ ಬೀಸಲು ಬಿಡದೆ, ತೇವಾಂಶ 50-60 ಪ್ರತಿಶತ ಇಟ್ಟು ಒಣಗಿಸುತ್ತಾರೆ. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಎದುರಾಗುವುದು ಇನ್ನೊಂದು ತೊಂದರೆ: ಹೊರಗಿನ ಗಾಳಿ ಒಳನುಗ್ಗಿದರೆ ಶೆಲ್ ಒಣಗುವುದೇ ಇಲ್ಲ. ಒಳಗಿನ ಪದರ ಹಸಿ ಇರುವಾಗ ಮುಂದಿನ ಅದ್ದು ಹಾಕಿದರೆ ಅದು ನೆನೆದು ಕಳಚಿಕೊಳ್ಳುತ್ತದೆ. ಶೆಲ್ ರೂಮಿನ ಬಾಗಿಲಿಗೆ ‘ಮುಚ್ಚಿರಲಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿಡುವುದು ಇದಕ್ಕೆ.

ಮೇಣ ತೆಗೆಯುವಾಗ ಮೊದಲ ಏಳು ಸೆಕೆಂಡು

ಡೀವ್ಯಾಕ್ಸ್ ಎನ್ನುವುದು ಈ ಹೆಜ್ಜೆಗೆ. ಒಣಗಿದ ಶೆಲ್ಲನ್ನು ಬಟ್ಟಲು ಕೆಳಗೆ ಮಾಡಿ ಆಟೊಕ್ಲೇವ್‌ನಲ್ಲಿಡುತ್ತಾರೆ. ಇದು ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ. ಕುಕ್ಕರಿನಲ್ಲಿ ಒತ್ತಡ ಮೆಲ್ಲಗೆ ಏರುತ್ತದೆ, ಇಲ್ಲಿ ಬಾಗಿಲು ಹಾಕಿದ ಏಳೆಂಟು ಸೆಕೆಂಡಿನೊಳಗೆ 7-8 ಬಾರ್ ಉಗಿ ತುಂಬಬೇಕು, ಸುಮಾರು 170 ಡಿಗ್ರಿ.

ಇಷ್ಟೇಕೆ ಅವಸರ? ಕರಗುವ ಮೇಣ ಸುಮಾರು ಹತ್ತನೇ ಒಂದು ಪಾಲು ಹಿಗ್ಗುತ್ತದೆ, ಶೆಲ್ ಅಷ್ಟು ಹಿಗ್ಗದು. ನಿಧಾನವಾಗಿ ಕಾಯಿಸಿದರೆ ಇಡೀ ಮೇಣ ಒಟ್ಟಿಗೆ ಹಿಗ್ಗಿ ಶೆಲ್ಲನ್ನು ಒಡೆಯುತ್ತದೆ. ಒಮ್ಮೆಲೇ ಉಗಿ ನುಗ್ಗಿಸಿದರೆ ಶೆಲ್ಲಿಗೆ ತಾಗಿದ ತೆಳು ಪೊರೆ ಮೊದಲು ಕರಗಿ ಹರಿದು ಹೋಗುತ್ತದೆ. ನಡುವೆ ಜಾಗವಾಗುತ್ತದೆ, ಉಳಿದ ಮೇಣ ಆ ಜಾಗಕ್ಕೆ ಹಿಗ್ಗಿಕೊಳ್ಳುತ್ತದೆ. ಬಾಯ್ಲರಿನ ಒತ್ತಡ ಕಡಿಮೆಯಿದ್ದ ದಿನ ಒಡೆದ ಶೆಲ್ಲುಗಳ ಸಂಖ್ಯೆ ಏರುವುದು ಇದರಿಂದಲೇ. ಹದಿನೈದು ನಿಮಿಷದೊಳಗೆ ಮೇಣವೆಲ್ಲ ತಟ್ಟೆಗೆ ಇಳಿದಿರುತ್ತದೆ. ನೀರು, ಕಸ ತೆಗೆದು ಅದನ್ನು ಕಂಬ, ಬಟ್ಟಲುಗಳಿಗೆ ಬಳಸುತ್ತಾರೆ.

ಸುಟ್ಟು, ಕರಗಿಸಿ, ಹೊಯ್ಯುವುದು

ಖಾಲಿ ಶೆಲ್ಲನ್ನು 900ರಿಂದ 1100 ಡಿಗ್ರಿಗೆ ಸುಡುತ್ತಾರೆ. ಉಳಿದ ಮೇಣದ ಪಸೆ ಉರಿದುಹೋಗುತ್ತದೆ, ಶೆಲ್ ಇಟ್ಟಿಗೆಯಂತೆ ಬೆಂದು ಗಟ್ಟಿಯಾಗುತ್ತದೆ. ಒಳಗೆ ಮಸಿ ಉಳಿದರೆ ಎರಕದಲ್ಲಿ ಗುಳ್ಳೆ ಏಳುತ್ತದೆ. ಶೆಲ್ ಕೆಂಪಗೆ ಕಾದಿರುವಾಗಲೇ ಉಕ್ಕು ಹೊಯ್ಯಬೇಕು, ಅದಕ್ಕೇ ಎರಡು ಮಿಲಿಮೀಟರಿನ ತೆಳು ಗೋಡೆಯೂ ತುಂಬುತ್ತದೆ. ತಣ್ಣಗಿನ ಉಸುಕಿನ ಅಚ್ಚಿನಲ್ಲಿ ಅಷ್ಟು ತೆಳುವಿನಲ್ಲಿ ಉಕ್ಕು ಅರ್ಧದಾರಿಯಲ್ಲೇ ಹೆಪ್ಪುಗಟ್ಟುತ್ತದೆ.

ಉಕ್ಕು ಕರಗುವುದು ಇಂಡಕ್ಷನ್ ಭಟ್ಟಿಯಲ್ಲಿ. ಮನೆಯ ಇಂಡಕ್ಷನ್ ಒಲೆಯ ಹಾಗೆ ತಾಮ್ರದ ಸುರುಳಿಯಲ್ಲಿ ಹರಿಯುವ ಕರೆಂಟು ಲೋಹದೊಳಗೇ ಬಿಸಿ ಹುಟ್ಟಿಸುತ್ತದೆ. ಭಟ್ಟಿಗೆ ಹಾಕುವ ಗುಜರಿಯ ಗುಣ ಮೊದಲೇ ಗೊತ್ತಿರಬೇಕು. ಸಿಎಫ್8ಎಂ ಆದರೆ ಕ್ರೋಮಿಯಂ 18-21, ನಿಕ್ಕಲ್ 9-12, ಮಾಲಿಬ್ಡಿನಂ 2-3 ಪ್ರತಿಶತ, ಕಾರ್ಬನ್ 0.08 ಪ್ರತಿಶತ ಮೀರಬಾರದು. ಬಿಲ್ಲೆಯೊಂದನ್ನು ಎರೆದು, ಯಾವ ಧಾತು ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರೋಮೀಟರಿನಲ್ಲಿ ಸುಟ್ಟು ನೋಡಿ, ಸರಿ ಇದ್ದರಷ್ಟೇ ಹೊಯ್ಯುತ್ತಾರೆ. ಹೊಯ್ಯುವ ಉಷ್ಣತೆ 1550ರಿಂದ 1650 ಡಿಗ್ರಿ. ಭಟ್ಟಿಯಿಂದ ತೆಗೆದ ಶೆಲ್ ಪ್ರತಿ ಸೆಕೆಂಡಿಗೂ ಆರುತ್ತಿರುತ್ತದೆ, ತಡವಾದರೆ ತೆಳು ಅಂಚು ತುಂಬದೆ ಗುಂಡಗಾಗಿ ನಿಲ್ಲುತ್ತದೆ. ಇದಕ್ಕೆ ಮಿಸ್‌ರನ್ ಎನ್ನುತ್ತಾರೆ.

ತುಪ್ಪದ ಡಬ್ಬಿಯ ತಗ್ಗು

ಬಿಸಿ ತುಪ್ಪ ಡಬ್ಬಿಯಲ್ಲಿ ಹೆಪ್ಪುಗಟ್ಟಿದಾಗ ನಡುವೆ ತಗ್ಗು ಬೀಳುತ್ತದೆ. ಅಂಚು ಮೊದಲು ಗಟ್ಟಿಯಾಗಿ, ಕುಗ್ಗಿದ ಪಾಲನ್ನು ನಡುವಿನ ದ್ರವದಿಂದ ಎಳೆದುಕೊಳ್ಳುತ್ತದೆ. ಕೊನೆಗೆ ಗಟ್ಟಿಯಾಗುವ ನಡುವಿಗೆ ತುಂಬಿಕೊಡುವವರು ಯಾರೂ ಇಲ್ಲ. ಉಕ್ಕಿನಲ್ಲೂ ಹೀಗೆಯೇ, ಆದರೆ ತಗ್ಗು ಒಳಗೆ ಅಡಗುತ್ತದೆ, ಸ್ಪಂಜಿನಂಥ ಪೊಳ್ಳಾಗಿ. ಎರಡು ಗೋಡೆ ಕೂಡುವ ದಪ್ಪ ಮೂಲೆ ಕೊನೆಗೆ ಗಟ್ಟಿಯಾಗುವುದರಿಂದ ಪೊಳ್ಳು ಅಲ್ಲೇ ಕೂರುತ್ತದೆ.

ಪರಿಹಾರ ಗಿಡ ಕಟ್ಟುವ ಮೇಜಿನಲ್ಲೇ ಇದೆ. ತುಂಡಿನ ಅತಿ ದಪ್ಪ ಭಾಗಕ್ಕೆ ಗೇಟ್ ಕೊಡಬೇಕು, ಗೇಟ್ ತುಂಡಿಗಿಂತ ತಡವಾಗಿ, ಕಂಬ ಗೇಟಿಗಿಂತ ತಡವಾಗಿ ಗಟ್ಟಿಯಾಗುವಂತೆ ದಪ್ಪ ಇಡಬೇಕು. ಆಗ ತಗ್ಗು ಕತ್ತರಿಸಿ ಎಸೆಯುವ ಕಂಬಕ್ಕೆ ಸರಿಯುತ್ತದೆ. ಕತ್ತರಿಸಲು ಸುಲಭವೆಂದು ಗೇಟನ್ನು ಸಣ್ಣ ಮಾಡಿ ಪೊಳ್ಳನ್ನು ತುಂಡಿನೊಳಗೆ ಕರೆತರುವುದು ಹೊಸಬರು ಮಾಡುವ ತಪ್ಪುಗಳಲ್ಲಿ ದೊಡ್ಡದು.

ಆರಿದ ಗಿಡಕ್ಕೆ ಗಾಳಿಯ ಸುತ್ತಿಗೆಯಿಂದ ಪೆಟ್ಟು ಕೊಟ್ಟರೆ ಶೆಲ್ ಉದುರುತ್ತದೆ. ತುಂಡುಗಳನ್ನು ಕತ್ತರಿಸಿ, ಗೇಟಿನ ಗುರುತು ಗ್ರೈಂಡ್ ಮಾಡಿ, ಶಾಟ್ ಬ್ಲಾಸ್ಟ್ ಹೊಡೆಯುತ್ತಾರೆ, ಅಂದರೆ ಸಣ್ಣ ಲೋಹದ ಗುಂಡುಗಳನ್ನು ಜೋರಾಗಿ ಎರಚಿ ಮೈ ಸ್ವಚ್ಛ ಮಾಡುತ್ತಾರೆ. ಈ ಕೆಲಸಗಳಿಗೆ ಒಟ್ಟಾಗಿ ಫೆಟ್ಲಿಂಗ್ ಎಂದು ಹೆಸರು. ಸಿಎಫ್8ಎಂ ತುಂಡನ್ನು ಕನಿಷ್ಠ 1040 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದಬೇಕು, ಇಲ್ಲದಿದ್ದರೆ ಸ್ಟೇನ್‌ಲೆಸ್ ಎಂಬ ಹೆಸರಿದ್ದರೂ ತುಕ್ಕು ತಡೆಯುವ ಗುಣ ಪೂರ್ತಿ ಬರದು.

ಯಾವುದಕ್ಕೆ ಬೇಡ

ಹತ್ತಿಪ್ಪತ್ತು ತುಂಡು ಸಾಕಾದರೆ ಡೈಯ ಖರ್ಚು ತಲೆಗೆ ಬರುತ್ತದೆ. ಅಂಥಲ್ಲಿ ಮಾದರಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಸುವುದು, ಇಲ್ಲವೇ ಗಟ್ಟಿಯಿಂದ ಲೇತಿನಲ್ಲಿ ತೆಗೆಯುವುದು ಮೇಲು. ದುಂಡನೆಯ ಪಿನ್ನು, ಚಪ್ಪಟೆ ತಟ್ಟೆಗೆ ಈ ವಿಧಾನ ದಂಡ. ಐವತ್ತು-ನೂರು ಕಿಲೊ ಮೀರಿದ ತುಂಡಿನ ಶೆಲ್ಲನ್ನು ಎತ್ತಿ ಅದ್ದುವುದೇ ಕಷ್ಟ, ಅದು ಉಸುಕಿನ ಎರಕದ ಪಾಲು. ಕೆಲವು ಗ್ರಾಂನಿಂದ ಹತ್ತು ಕಿಲೊದವರೆಗಿನ, ವಕ್ರಗಳು ಹೆಚ್ಚಿರುವ, ಮಷೀನಿಂಗ್ ಕಷ್ಟವಾದ ಲೋಹದ, ಸಾವಿರಗಟ್ಟಲೆ ಬೇಕಾದ ತುಂಡುಗಳಿಗೆ ಇದು ಹೇಳಿ ಮಾಡಿಸಿದ್ದು. 25 ಮಿಲಿಮೀಟರಿನ ಅಳತೆಯನ್ನು 0.1-0.2 ಮಿಲಿಮೀಟರ್ ಆಚೀಚೆಯೊಳಗೆ ಹಿಡಿಯಬಹುದು. ಹಾಗೆಂದು ವಾಲ್ವಿನ ಎಳೆ (ಥ್ರೆಡ್), ಸೀಟು ಕೂರುವ ಜಾಗ ನೇರ ಎರಕದಲ್ಲಿ ಬರುವುದಿಲ್ಲ. ಅಲ್ಲಿ ಮಷೀನಿಂಗಿಗಾಗಿ ಒಂದು ಮಿಲಿಮೀಟರಿನಷ್ಟು ಹೆಚ್ಚುವರಿ ಲೋಹ ಬಿಡುತ್ತಾರೆ.

ಕೆಲಸಕ್ಕೆ ಸೇರುವವರಿಗೆ

ಶೆಲ್ ರೂಮಿನಲ್ಲಿ, ಶೆಲ್ ಒಡೆಯುವಲ್ಲಿ ಏಳುವ ಬಿಳಿ ಧೂಳು ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ವರ್ಷಗಟ್ಟಲೆ ಪುಪ್ಪುಸ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದನ್ನು ವಾಸಿಮಾಡುವ ಔಷಧ ಇಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಆ ಕಣ ನಿಲ್ಲುವುದಿಲ್ಲ. ಧೂಳು ಹೀರುವ ಯಂತ್ರ ನಡೆಯುತ್ತಿರಬೇಕು, ಮುಖಕ್ಕೆ ಸರಿಯಾಗಿ ಕೂರುವ ಧೂಳಿನ ಮಾಸ್ಕ್ ಇರಬೇಕು, ನೆಲವನ್ನು ಒಣ ಕಸಬರಿಗೆಯಿಂದ ಗುಡಿಸಬಾರದು. ಉಕ್ಕು ಹೊಯ್ಯುವ ಜಾಗದಲ್ಲಿ ಒಂದು ಹನಿ ನೀರೂ ಇರಕೂಡದು. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಮೇಲೆ ಉಕ್ಕಿದ್ದರೆ ಅದನ್ನು ಸಿಡಿಸುತ್ತದೆ. ಒದ್ದೆ ಗುಜರಿಯನ್ನು ಭಟ್ಟಿಗೆ ಹಾಕುವುದೂ ಇಷ್ಟೇ ಅಪಾಯ. ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆ ಈ ಎರಡು ವಿಷಯ ಕೇಳಿ, ಸಾಧ್ಯವಾದರೆ ಶೆಲ್ ರೂಮನ್ನು ಕಣ್ಣಾರೆ ನೋಡಿ.

ಪರೀಕ್ಷೆಯ ಮೇಜಿನಲ್ಲಿ

ಸಿದ್ಧವಾದ ವಾಲ್ವಿನ ಮೈಗೆ ಅದರ ಒತ್ತಡದ ಒಂದೂವರೆ ಪಟ್ಟು ನೀರು ತುಂಬಿ ಪರೀಕ್ಷಿಸುತ್ತಾರೆ. 1000 ಪಿಎಸ್‌ಐ ಎಂದು ಬರೆದದ್ದಕ್ಕೆ 1500 ಪಿಎಸ್‌ಐ. ಇಷ್ಟು ಚಿಕ್ಕ ವಾಲ್ವಾದರೆ ಕನಿಷ್ಠ 15 ಸೆಕೆಂಡು ಹಿಡಿದಿಟ್ಟು, ಮೈ ಒರೆಸಿ, ಹನಿ ಮೂಡುತ್ತದೆಯೇ ಎಂದು ನೋಡುತ್ತಾರೆ. ಹನಿ ಮೂಡಿದರೆ ವಾಲ್ವಿನ ಮೇಲೆ ಒತ್ತಿದ ಹೀಟ್ ನಂಬರ್ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಅದು ಯಾವ ದಿನ, ಯಾವ ಭಟ್ಟಿಯ ಉಕ್ಕು ಎಂದು ಹೇಳುತ್ತದೆ. ಅದೇ ಹೀಟಿನ ಉಳಿದ ಗಿಡಗಳ ತುಂಡುಗಳು ಸೋರಿಲ್ಲವಾದರೆ ಉಕ್ಕಿನದು ತಪ್ಪಲ್ಲ. ಸೋರಿದ ಜಾಗವನ್ನು ಕೊಯ್ದು ನೋಡಿದರೆ ಗೇಟಿನ ಪಕ್ಕದಲ್ಲಿ, ಗೋಡೆಯ ಒಳಗೆ, ಅಕ್ಕಿ ನುಚ್ಚಿಗಿಂತ ಚಿಕ್ಕದಾದ ಬಿಳಿ ಸೆರಾಮಿಕ್ ಚೂರು ಸಿಗುತ್ತದೆ. ಸ್ಲರಿ ನುಗ್ಗಿದ್ದು ಮೇಣದ ಬೆಸುಗೆಯ ಸಂದಿಗೆ. ಆ ಸಂದು ಉಳಿದದ್ದು ಹತ್ತು ದಿನದ ಹಿಂದೆ, ಅಲಗು ಸಾಕಷ್ಟು ಬಿಸಿಯಾಗುವ ಮೊದಲೇ ತುಂಡನ್ನು ಕಂಬಕ್ಕೆ ಒತ್ತಿದಾಗ.